ಗುರುತಿಲ್ಲದವರ ಹತ್ತಿರ ಸಲಹೆ ಕೇಳುವುದು ಹೇಗೆ: ಸಂಪಿನ ಮೋಟಾರಿನಿಂದ ಮಕ್ಕಳ ಹೋಂವರ್ಕಿನವರೆಗೆ

"ಮೋಟಾರ್ ಓಡ್ತಿಲ್ಲ, ಏನ್ ಮಾಡೋದು?" ಎಂದು ಹಾರ್ಡ್‌ವೇರ್ ಅಂಗಡಿಯಲ್ಲೋ ಬಡಾವಣೆಯ ವಾಟ್ಸ್ಯಾಪ್ ಗುಂಪಿನಲ್ಲೋ ಕೇಳಿ ನೋಡಿ. ಕೆಪಾಸಿಟರ್ ಹೋಗಿದೆ, ಏರ್ ಹಿಡಿದಿದೆ, ವೈಂಡಿಂಗ್ ಸುಟ್ಟಿದೆ, ವೋಲ್ಟೇಜ್ ಇಲ್ಲ, ಹಳೇದನ್ನ ಗುಜರಿಗೆ ಹಾಕಿ ಹೊಸದು ತನ್ನಿ ಎಂದು ಐದು ನಿಮಿಷದಲ್ಲಿ ಐದು ಉತ್ತರ ಬರುತ್ತವೆ. ಹೇಳಿದವರು ಯಾರೂ ಸುಳ್ಳು ಹೇಳಿಲ್ಲ. ಒಂದೊಂದೂ ಯಾವುದೋ ಮನೆಯ ಮೋಟಾರಿಗೆ ಸರಿಹೋದ ಉತ್ತರವೇ. ನಿಮ್ಮ ಮನೆಯದಕ್ಕೆ ಯಾವುದು ಸರಿ ಎಂದು ತೀರ್ಮಾನಿಸಲು ಬೇಕಾದ ವಿವರ ನಿಮ್ಮ ಪ್ರಶ್ನೆಯಲ್ಲಿ ಇರಲಿಲ್ಲ. ಗುರುತಿಲ್ಲದವರು ನಿಮ್ಮ ಸಂಪನ್ನೂ ನೋಡಿಲ್ಲ, ನಿಮ್ಮ ಮಗಳ ನೋಟ್‌ಬುಕ್ಕನ್ನೂ ನೋಡಿಲ್ಲ. ಅವರ ಪರವಾಗಿ ನೀವೇ ನೋಡಿ, ಕಂಡದ್ದನ್ನು ಹೇಳಬೇಕು. ಈ ಮಾರ್ಗದರ್ಶಿಯ ಬಹುಪಾಲು ಆ ನೋಡುವ ಕೆಲಸದ ಬಗ್ಗೆಯೇ ಇದೆ.

ಕೇಳುತ್ತ ಕೂರಬಾರದ ಸಂದರ್ಭಗಳು

ಗ್ಯಾಸ್ ವಾಸನೆ ಬರುತ್ತಿದ್ದರೆ ಯಾರ ಸಲಹೆಗೂ ಕಾಯಬೇಡಿ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದಷ್ಟೇ ಅಲ್ಲ, ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಹಾರುತ್ತದೆ. ಮನೆಯಿಂದ ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ, ಅದು ಅಡುಗೆ ಅನಿಲ ಸೋರಿಕೆಗೆಂದೇ ಇರುವ ಸಂಖ್ಯೆ. ಮಗು ಏನನ್ನೋ ನುಂಗಿದೆ, ಹಾವು ಕಚ್ಚಿದೆ, ಯಾರಿಗೋ ಶಾಕ್ ಹೊಡೆದಿದೆ ಎಂದಾದರೆ 108 ಅಥವಾ 112. ರಸ್ತೆಯಲ್ಲಿ ವಿದ್ಯುತ್ ತಂತಿ ಹರಿದು ಬಿದ್ದಿದ್ದರೆ 1912. ಇಂಥ ಹೊತ್ತಿನಲ್ಲಿ ಗುಂಪಿನಲ್ಲಿ ಪ್ರಶ್ನೆ ಹಾಕಿ ಉತ್ತರಕ್ಕೆ ಕಾಯುವ ಹತ್ತು ನಿಮಿಷವೇ ಅಪಾಯ.

ಔಷಧಿಯ ಪ್ರಮಾಣ, ಗೋಡೆಯಲ್ಲಿ ಬಿಟ್ಟ ದೊಡ್ಡ ಬಿರುಕು, ಸ್ವಿಚ್ ಬೋರ್ಡಿನಿಂದ ಸುಟ್ಟ ವಾಸನೆ ಇವೂ ದೂರದಿಂದ ಬಗೆಹರಿಯುವಂಥವಲ್ಲ. ಉಳಿದದ್ದಕ್ಕೆಲ್ಲ ಧಾರಾಳವಾಗಿ ಕೇಳಬಹುದು.

ಕೇಳುವ ಮುಂಚೆ ನೀವೇ ಮಾಡಬೇಕಾದ ತಪಾಸಣೆ

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮಾನೋಬ್ಲಾಕ್ (ಮೋಟಾರೂ ಪಂಪೂ ಒಂದೇ ಕಟ್ಟಿನಲ್ಲಿರುವ) ಮೋಟಾರನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. "ಓಡ್ತಿಲ್ಲ" ಎಂಬ ಒಂದೇ ಮಾತಿನ ಒಳಗೆ ನಾಲ್ಕು ಬೇರೆಬೇರೆ ತೊಂದರೆಗಳಿವೆ. ಯಾವುದು ಎಂದು ಹೇಳಲು ಕಿವಿ, ಕಣ್ಣು ಸಾಕು.

1. ಸದ್ದೇ ಇಲ್ಲ. ಮೋಟಾರಿಗೆ ಕರೆಂಟು ತಲುಪುತ್ತಿಲ್ಲ. ಬೇರೆ ದೀಪಗಳು ಉರಿಯುತ್ತಿವೆಯೇ, ಮೋಟಾರಿನ ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಕೆಳಗೆ ಬಿದ್ದಿದೆಯೇ, ಸ್ಟಾರ್ಟರ್‌ನ ಓವರ್‌ಲೋಡ್ ಬಟನ್ ಹೊರಗೆ ಬಂದಿದೆಯೇ ನೋಡಿ.

2. ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ತಕ್ಷಣ ಆಫ್ ಮಾಡಿ. ಹಾಗೇ ಬಿಟ್ಟರೆ ವೈಂಡಿಂಗ್ (ಮೋಟಾರಿನೊಳಗಿನ ತಂತಿಯ ಸುರುಳಿ) ಸುಡುತ್ತದೆ, ಸಣ್ಣ ಖರ್ಚಿನ ಕೆಲಸ ರಿವೈಂಡಿಂಗ್‌ಗೆ ಹೋಗಿ ನಿಲ್ಲುತ್ತದೆ. ಸ್ವಿಚ್ ಮಾತ್ರ ಸಾಲದು, ಎಂಸಿಬಿಯನ್ನೂ ಇಳಿಸಿ. ಆಮೇಲೆ ಹಿಂಬದಿಯ ಫ್ಯಾನ್ ಕವರ್ ಬಿಚ್ಚಿ ಫ್ಯಾನನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಅನುಮಾನ ಮೋಟಾರ್ ತಿರುಗಲು ಶುರುವಿನ ತಳ್ಳು ಕೊಡುವ ಕೆಪಾಸಿಟರ್ ಮೇಲೆ. ಬಿಗಿಯಾಗಿದ್ದರೆ ತುಕ್ಕು ಹಿಡಿದೋ ಕಸ ಸಿಕ್ಕಿಯೋ ಜಾಮ್ ಆಗಿದೆ. ಊರಿಗೆ ಹೋಗಿ ತಿಂಗಳುಗಟ್ಟಲೆ ಮೋಟಾರ್ ಹಾಕದ ಮನೆಗಳಲ್ಲಿ ಇದು ಮಾಮೂಲು.

3. ಚೆನ್ನಾಗಿ ತಿರುಗುತ್ತದೆ, ನೀರು ಬರುವುದಿಲ್ಲ. ಮೊದಲು ಸಂಪಿನಲ್ಲಿ ನೀರು, ಪೈಪಿನ ತಳದಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್ ವಾಲ್ವ್‌ಗಿಂತ ಮೇಲಿದೆಯೇ ನೋಡಿ. ಇದ್ದರೆ ಮೋಟಾರ್ ಏರ್ ಹಿಡಿದಿದೆ. ಮೇಲಿನ ಪ್ಲಗ್ ಬಿಚ್ಚಿ ತುಂಬುವವರೆಗೆ ನೀರು ಹೊಯ್ಯಿರಿ. ಹೊಯ್ದ ನೀರು ನಿಲ್ಲದೆ ಇಳಿಯುತ್ತಲೇ ಹೋದರೆ ಫುಟ್ ವಾಲ್ವ್ ಸೋರುತ್ತಿದೆ. ನಿಂತು, ಮೋಟಾರ್ ಹಾಕಿದಾಗ ಸ್ವಲ್ಪ ಹೊತ್ತು ನೀರು ಬಂದು ಮತ್ತೆ ನಿಂತರೆ ಸಕ್ಷನ್ ಪೈಪಿನ ಯಾವುದೋ ಜಾಯಿಂಟಿನಿಂದ ಗಾಳಿ ಎಳೆಯುತ್ತಿದೆ. ನಿಮ್ಮದು ಸೆಲ್ಫ್ ಪ್ರೈಮಿಂಗ್ (ಗಾಳಿಯನ್ನು ತಾನೇ ಹೊರಹಾಕಿ ನೀರೆಳೆಯುವ) ಮೋಟಾರಾದರೆ ಅದನ್ನು ಹೇಳಲೇಬೇಕು, ಉತ್ತರವೇ ಬದಲಾಗುತ್ತದೆ.

4. ನೀರು ಬರುತ್ತದೆ, ಆದರೆ ನಿಧಾನ. ಎಷ್ಟು ನಿಧಾನ ಎಂಬುದನ್ನು ಅಳೆಯಿರಿ. ಟ್ಯಾಂಕಿಗೆ ನೀರು ಬೀಳುವ ಪೈಪಿನ ಕೆಳಗೆ 20 ಲೀಟರ್ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡು ಎಂದು ಮೊಬೈಲ್‌ನಲ್ಲಿ ನೋಡಿ. 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 30 ಲೀಟರ್, ಗಂಟೆಗೆ 1800. "ಫೋರ್ಸ್ ಕಮ್ಮಿ" ಎಂದರೆ ಮೆಕ್ಯಾನಿಕ್‌ಗೆ ಏನೂ ತಿಳಿಯುವುದಿಲ್ಲ. "ಮೊದಲು ಸಾವಿರ ಲೀಟರಿನ ಟ್ಯಾಂಕ್ ಮುಕ್ಕಾಲು ಗಂಟೆಯಲ್ಲಿ ತುಂಬುತ್ತಿತ್ತು, ಈಗ ಎರಡು ಗಂಟೆ ಬೇಕು" ಎಂದರೆ ಜಾಲರಿಗೆ ಕಸ ಕಟ್ಟಿದೆಯೋ, ನೀರನ್ನು ತಳ್ಳುವ ಚಕ್ರ (ಇಂಪೆಲ್ಲರ್) ಸವೆದಿದೆಯೋ, ವೋಲ್ಟೇಜ್ ಕಡಿಮೆಯೋ ಎಂದು ಅವರು ಯೋಚಿಸಲು ಶುರುಮಾಡುತ್ತಾರೆ.

ಬೋರ್‌ವೆಲ್ ಆದರೆ ಪ್ಯಾನಲ್ ಬೋರ್ಡಿನ ಆಂಪ್ ಮೀಟರನ್ನು ಓದಿ. ಮಾಮೂಲಿಗಿಂತ ಕಡಿಮೆ ತೋರಿಸಿದರೆ ಪಂಪಿಗೆ ನೀರು ಸಿಗುತ್ತಿಲ್ಲವೆಂಬ ಅನುಮಾನ, ಹೆಚ್ಚು ತೋರಿಸಿದರೆ ಎಲ್ಲೋ ಬಿಗಿಯಾಗಿದೆ. ಆದರೆ ಮಾಮೂಲಿ ಎಷ್ಟು ಎಂದು ಗೊತ್ತಿದ್ದರೆ ತಾನೆ? ಮೋಟಾರ್ ಚೆನ್ನಾಗಿ ಓಡುತ್ತಿರುವ ದಿನವೇ ಆಂಪ್, ವೋಲ್ಟ್, ಟ್ಯಾಂಕ್ ತುಂಬುವ ಸಮಯ ಮೂರನ್ನೂ ಪ್ಯಾನಲ್ಲಿನ ಪಕ್ಕದ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಡಿ.

ಪ್ರಶ್ನೆಯನ್ನು ಕಟ್ಟುವುದು

ಒಳ್ಳೆಯ ಪ್ರಶ್ನೆಯಲ್ಲಿ ವಸ್ತು ಯಾವುದು, ಎಲ್ಲಿದೆ, ಯಾವಾಗಿನಿಂದ ಹೀಗೆ, ಅದಕ್ಕೆ ಸ್ವಲ್ಪ ಮುಂಚೆ ಏನು ಬದಲಾಯಿತು, ನೀವು ಏನೇನು ನೋಡಿದಿರಿ ಎಂಬುದೆಲ್ಲ ಇರುತ್ತದೆ. "ಮುಂಚೆ ಏನು ಬದಲಾಯಿತು" ಎಂಬುದನ್ನೇ ಜನ ಮರೆಯುವುದು. ಟ್ಯಾಂಕ್ ತೊಳೆಸಿದ್ದು, ಟೈಲ್ಸ್ ಹಾಕಿಸಿದ್ದು, ಟ್ಯಾಂಕರ್ ನೀರು ತರಿಸಿದ್ದು ಇವುಗಳಲ್ಲೇ ಅರ್ಧ ಉತ್ತರ ಅಡಗಿರುತ್ತದೆ. ಹೀಗೆ ಬರೆಯಬಹುದು:

"ಒಂದು ಎಚ್‌ಪಿ ಮಾನೋಬ್ಲಾಕ್, ಸಂಪಿನಿಂದ ಎರಡನೇ ಮಹಡಿ ಮೇಲಿನ ಟ್ಯಾಂಕಿಗೆ. ನಿನ್ನೆ ಸಂಜೆವರೆಗೂ ಸರಿಯಿತ್ತು. ಇವತ್ತು ಗುಂಯ್ ಅಂತಿದೆ, ತಿರುಗ್ತಿಲ್ಲ. ಎಂಸಿಬಿ ಇಳಿಸಿ ಫ್ಯಾನ್ ತಿರುಗಿಸಿದ್ರೆ ಸಲೀಸಾಗಿ ತಿರುಗುತ್ತೆ. ಕೆಪಾಸಿಟರ್ ಮೇಲೆ 20 ಮೈಕ್ರೋಫ್ಯಾರಡ್, 440 ವೋಲ್ಟ್ ಅಂತ ಇದೆ. ಕೆಪಾಸಿಟರ್ ಬದಲಾಯಿಸೋಕೆ ಮುಂಚೆ ಇನ್ನೇನಾದ್ರೂ ನೋಡಬೇಕಾ?"

ಇದಕ್ಕೆ ಬರುವ ಉತ್ತರ ಒಂದೋ ಎರಡೋ ಸಾಲಿನದು, ಕೆಲಸಕ್ಕೆ ಬರುವಂಥದ್ದು: ಅದೇ ಮೈಕ್ರೋಫ್ಯಾರಡ್‌ನದು ತನ್ನಿ, ವೋಲ್ಟ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ, ಹಳೆಯದರ ತುದಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕರೆಂಟು ತೆಗೆದ ಮೇಲೂ ಕೆಪಾಸಿಟರ್ ಒಳಗೆ ಚಾರ್ಜ್ ಉಳಿದಿರುತ್ತದೆ. ಈ ಕೊನೆಯ ಮಾತನ್ನು ನೀವು ಕೇಳದಿದ್ದರೂ ತಾವಾಗಿ ಹೇಳಿದವರನ್ನು ನಂಬಬಹುದು.

ಫೋಟೊ ಕಳಿಸುವುದಾದರೆ ಮೂರು ಬೇಕು: ದೂರದಿಂದ ಇಡೀ ಜಾಗದ್ದು, ಹತ್ತಿರದಿಂದ ಕೆಟ್ಟ ಭಾಗದ್ದು, ಮೈಮೇಲಿನ ನೇಮ್ ಪ್ಲೇಟಿನದು. ಅಳತೆ ತಿಳಿಯಲು ಪಕ್ಕದಲ್ಲಿ ಸ್ಕೇಲ್ ಇಡಿ. ಸದ್ದಿನ ತೊಂದರೆಗೆ ಹತ್ತು ಸೆಕೆಂಡಿನ ವಿಡಿಯೊ ಸಾಕು, ಹಿಂದೆ ಟಿವಿ ಓಡುತ್ತಿರಬಾರದು. ಕಳಿಸುವ ಮುಂಚೆ ಚಿತ್ರದಲ್ಲಿ ಇನ್ನೇನೇನು ಬಿದ್ದಿದೆ ಎಂದು ನೋಡಿಕೊಳ್ಳಿ. ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್, ಗ್ಯಾಸ್ ಪುಸ್ತಕದ ಗ್ರಾಹಕ ಸಂಖ್ಯೆ, ಮನೆಯ ನಂಬರ್ ಇದ್ದರೆ ಕತ್ತರಿಸಿ.

ಅಂಗಡಿಗೆ ಹೋಗಿ ಕೇಳುವುದು

ನಲ್ಲಿ, ಪೈಪು, ಫ್ಲಶ್ ಟ್ಯಾಂಕಿನಂಥ ವಿಷಯಗಳಿಗೆ ಫೋನಿಗಿಂತ ಹಾರ್ಡ್‌ವೇರ್ ಅಂಗಡಿಯೇ ವಾಸಿ. ಹೋಗುವ ಹೊತ್ತು ಮುಖ್ಯ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಹೊತ್ತಿನಲ್ಲಿ ಪ್ಲಂಬರುಗಳು, ಎಲೆಕ್ಟ್ರಿಷಿಯನ್ನರು ಆ ದಿನದ ಸಾಮಾನಿಗೆ ನಿಂತಿರುತ್ತಾರೆ. ಅಂಗಡಿಯವರಿಗೆ ನಿಮ್ಮ ಕಡೆ ನೋಡಲೂ ಪುರುಸೊತ್ತಿಲ್ಲ. ಮಧ್ಯಾಹ್ನ ಮೂರರ ಮೇಲೆ ಹೋಗಿ "ಅಣ್ಣಾ, ಇದಕ್ಕೆ ಜೋಡಿ ಬೇಕಿತ್ತು, ಯಾಕೆ ಹಾಳಾಗಿದೆ ಸ್ವಲ್ಪ ನೋಡ್ತೀರಾ?" ಎಂದರೆ ನಿಂತು ಮಾತಾಡುತ್ತಾರೆ.

ಹಳೆಯ ಭಾಗವನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗಿ. ತೊಟ್ಟಿಕ್ಕುವ ನಲ್ಲಿಯ ವಿಷಯವನ್ನೇ ನೋಡಿ: ಹಲವು ಸುತ್ತು ತಿರುಗಿಸುವ ಹಳೇ ನಲ್ಲಿಯಾದರೆ ಹೋಗಿರುವುದು ಬಹುತೇಕ ವಾಷರ್. ಕಾಲು ಸುತ್ತಿಗೆ ನಿಲ್ಲುವ ಹೊಸ ಬಗೆಯದಾದರೆ ಒಳಗಿನ ಸ್ಪಿಂಡಲ್. "ಅರ್ಧ ಇಂಚಿನ ನಲ್ಲಿಗೆ ಸ್ಪಿಂಡಲ್ ಕೊಡಿ" ಎಂದರೆ ಸಿಕ್ಕಿದ್ದು ಹೊಂದುವ ಭರವಸೆಯಿಲ್ಲ, ಏಕೆಂದರೆ ಒಂದೊಂದು ಕಂಪನಿಯ ಸ್ಪಿಂಡಲಿನ ಉದ್ದವೂ ಮೇಲಿನ ಹಲ್ಲುಗಳ ಎಣಿಕೆಯೂ ಬೇರೆ. ಪೈಪಾದರೆ ಮೈಮೇಲೆ ಅಚ್ಚಾದ ಅಕ್ಷರಗಳನ್ನು ಓದಿಕೊಂಡು ಹೋಗಿ. ಕೆನೆಬಣ್ಣದ ಸಿಪಿವಿಸಿಗೂ ಬಿಳಿಯ ಯುಪಿವಿಸಿಗೂ ಅಂಟಿಸಲು ಹಾಕುವ ಸಲ್ಯೂಷನ್ ಬೇರೆ, ಬಿಸಿನೀರು ತಡೆಯುವುದು ಸಿಪಿವಿಸಿ ಮಾತ್ರ.

ಸಲಹೆ ಕೊಟ್ಟ ಅಂಗಡಿಯಲ್ಲೇ ಸಾಮಾನು ಕೊಳ್ಳಿ. ಅಲ್ಲಿ ಕೇಳಿ ತಿಳಿದುಕೊಂಡು ಹತ್ತು ರೂಪಾಯಿ ಕಡಿಮೆಗೆ ಬೇರೆ ಕಡೆ ತಂದರೆ ಮುಂದಿನ ಸಲ ಆ ಅಂಗಡಿಯವರು ಸಾಮಾನು ಕೊಟ್ಟಾರು, ಮಾತು ಕೊಡುವುದಿಲ್ಲ.

ಕರೆಂಟಿನ ವಿಷಯ: ಎಲ್ಲಿಯವರೆಗೆ ಕೇಳಬಹುದು

ಸ್ವಿಚ್ಚು, ಪ್ಲಗ್ಗು ಮುಟ್ಟುವವರೆಗಿನ ತಪಾಸಣೆಗೆ ಸಲಹೆ ಕೇಳಿ. ಬೋರ್ಡಿನ ಸ್ಕ್ರೂ ಬಿಚ್ಚಬೇಕು ಎಂದ ಕೂಡಲೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ. "ಮನೆ ಪೂರ್ತಿ ಟ್ರಿಪ್ ಆಗ್ತಿದೆ" ಎಂದು ಕೇಳುವ ಮುಂಚೆ ಬಿದ್ದದ್ದು ಯಾವುದು ನೋಡಿ. ಎಂಸಿಬಿ ಬಿದ್ದರೆ ಲೋಡು ಹೆಚ್ಚಾಗಿದೆ ಅಥವಾ ಶಾರ್ಟ್ ಆಗಿದೆ. ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ ಬಿದ್ದರೆ ಎಲ್ಲೋ ಕರೆಂಟು ಅರ್ತಿಗೆ ಸೋರುತ್ತಿದೆ.

ಆರ್‌ಸಿಸಿಬಿ ಬಿದ್ದಿದ್ದರೆ ಹೀಗೆ ಹುಡುಕಿ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಏರಿಸಿ. ಅದು ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹೋಗಿ. ಯಾವುದನ್ನು ಏರಿಸಿದಾಗ ಬೀಳುತ್ತದೋ ಆ ಲೈನಿನಲ್ಲಿ ದೋಷ. ಆ ಲೈನಿನ ಪ್ಲಗ್ಗುಗಳನ್ನೆಲ್ಲ ಕಿತ್ತು, ಮತ್ತೆ ಏರಿಸಿ, ಒಂದೊಂದೇ ಪ್ಲಗ್ ಹಾಕಿ ನೋಡಿ. ಎಲ್ಲ ಎಂಸಿಬಿ ಕೆಳಗಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ ಮನೆಯ ಎಲ್ಲ ಪ್ಲಗ್ಗುಗಳನ್ನೂ ತೆಗೆದು ಇನ್ನೊಮ್ಮೆ ನೋಡಿ. ಆಗಲೂ ಬಿದ್ದರೆ ನ್ಯೂಟ್ರಲ್ ತಂತಿಯಲ್ಲೋ ಆರ್‌ಸಿಸಿಬಿಯಲ್ಲೋ ತೊಂದರೆ, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಗೀಸರ್ ಹಾಕಿದಾಗ ಮಾತ್ರ ಬೀಳುತ್ತದೆಯೇ (ಒಳಗಿನ ಕಾಯಿಲ್ ಒಡೆದಿರಬಹುದು), ಮಳೆ ಬಂದ ದಿನ ಮಾತ್ರವೇ (ಗೇಟಿನ ದೀಪ, ತೇವ ಹಿಡಿದ ಗೋಡೆ) ಎಂಬುದನ್ನೂ ಸೇರಿಸಿ ಹೇಳಿ.

ಇಲ್ಲಿ ಎರಡು ಕೆಟ್ಟ ಸಲಹೆಗಳು ಪದೇಪದೇ ಬರುತ್ತವೆ. "ಆರ್‌ಸಿಸಿಬಿ ಬೈಪಾಸ್ ಮಾಡಿಸಿ" ಎಂಬುದು ಒಂದು. ಟ್ರಿಪ್ ಆಗುವುದು ನಿಲ್ಲುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಮುಂದಿನ ಸಲ ಆ ಕರೆಂಟು ಹರಿಯುವುದು ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿದವರ ಮೈಯಲ್ಲಿ. ಇನ್ನೊಂದು, "ದೊಡ್ಡ ಎಂಸಿಬಿ ಹಾಕಿಸಿ". ಎಂಸಿಬಿ ಇರುವುದು ಗೋಡೆಯೊಳಗಿನ ತಂತಿಯನ್ನು ಕಾಯಲು. 16 ಆಂಪಿಗೆಂದು ಎಳೆದ ತಂತಿಗೆ 32 ಆಂಪಿನದನ್ನು ಹಾಕಿದರೆ ತಂತಿ ಬಿಸಿಯಾಗಿ ಸುಟ್ಟರೂ ಎಂಸಿಬಿ ಬೀಳುವುದಿಲ್ಲ.

ಬಂದ ಉತ್ತರಗಳನ್ನು ತೂಗುವುದು

ಉತ್ತರ ಕೊಡುವ ಮುಂಚೆ ಮರುಪ್ರಶ್ನೆ ಕೇಳಿದವರಿಗೆ ಮೊದಲ ಮಣೆ. "ಟೈಲ್ಸ್ ಮೇಲೆ ಬಿಳಿ ಕಲೆ" ಎಂದಾಗ "ನೆಲ ಯಾವ ಕಲ್ಲು? ಬೋರ್ ನೀರಾ, ಕಾವೇರಿ ನೀರಾ?" ಎಂದು ಕೇಳುವವರಿಗೆ ವಿಷಯ ಗೊತ್ತಿದೆ. ಬೋರ್ ನೀರಿನ ಸುಣ್ಣದ ಕಲೆ ವಿನೆಗರಿಗೆ ಬಿಡುತ್ತದೆ. ಅದೇ ವಿನೆಗರ್ ಮಾರ್ಬಲ್ ಮೇಲೆ ಬಿದ್ದರೆ ಕಲ್ಲನ್ನೇ ತಿಂದು ಹೊಳಪು ಹೋಗುತ್ತದೆ. ಕಲ್ಲು ಯಾವುದೆಂದು ಕೇಳದೆ ಮದ್ದು ಹೇಳಿದವರ ಮಾತನ್ನು ಪಕ್ಕಕ್ಕಿಡಿ.

ಎರಡನೆಯದಾಗಿ, "ಯಾಕೆ?" ಎಂದು ಕೇಳಿ. ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿ ಉಜ್ಜಿ ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ನೊರೆ ಬರುವುದು ನೋಡಲು ಚೆಂದ, ಆದರೆ ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಒಂದನ್ನೊಂದು ಕೊಂದು ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಬೇರೆಬೇರೆಯಾಗಿ ಬಳಸಿದರೆ ಎರಡಕ್ಕೂ ಕೆಲಸವಿದೆ. ಇದು ಬರೀ ದಂಡ, ಅಪಾಯವಿಲ್ಲ. ಟಾಯ್ಲೆಟ್ ತೊಳೆಯುವ ಆ್ಯಸಿಡ್‌ಗೆ ಬ್ಲೀಚಿಂಗ್ ಪೌಡರ್ ಬೆರೆಸಿ ಎನ್ನುವ ಸಲಹೆ ಹಾಗಲ್ಲ. ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಸಣ್ಣದಾದ ಬಚ್ಚಲಲ್ಲಿ ಉಸಿರು ಕಟ್ಟಿಸಲು ಅಷ್ಟು ಸಾಕು.

ಹಲವು ಸಲಹೆ ಬಂದಾಗ ಖರ್ಚು ಕಡಿಮೆಯಿರುವ, ಕೆಟ್ಟರೆ ಹಿಂದಿನ ಸ್ಥಿತಿಗೆ ತರಬಹುದಾದ ಸಲಹೆಯನ್ನು ಮೊದಲು ಮಾಡಿ, ಒಮ್ಮೆಗೆ ಒಂದೇ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಗುಂಪಿನಲ್ಲಿ ಹತ್ತು ಜನ ಒಂದೇ ಉತ್ತರ ಹೇಳಿದರೆ ಹತ್ತು ಸಾಕ್ಷಿ ಎಂದುಕೊಳ್ಳಬೇಡಿ. ಮೊದಲನೆಯವರು ಹೇಳಿದ್ದಕ್ಕೆ ಉಳಿದವರು ತಲೆಯಾಡಿಸಿರಬಹುದು. ಒಬ್ಬರು ಹೇಳಿದ್ದನ್ನು ಬಾಯಿಬಿಡದೆ ಇನ್ನೊಬ್ಬರಲ್ಲಿ ಕೇಳಿ.

ಉತ್ತರ ಹೇಳುವವರು ಎಲ್ಲಿಯವರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ನೀರಿನ ಒತ್ತಡದ ಬಗ್ಗೆ ಹೇಳುವಾಗ ಅವರ ಕಣ್ಣೆದುರು ಇರುವುದು ಬೀದಿಯ ಕೊಳವೆಯಿಂದ ಒತ್ತಡದಲ್ಲೇ ಬರುವ ನೀರು, 120 ವೋಲ್ಟ್ ಕರೆಂಟು. ನಮ್ಮದು ಟ್ಯಾಂಕಿನಿಂದ ಇಳಿಯುವ ನೀರು, 230 ವೋಲ್ಟ್. ಅಡುಗೆಯಲ್ಲೂ ಅಷ್ಟೆ. ಉದ್ದಿನಬೇಳೆ 1 ಲೋಟಕ್ಕೆ ಇಡ್ಲಿ ರವೆ 2 ಲೋಟ ಹಾಕಿ ಕಲಸಿದ ಹಿಟ್ಟು ಮಂಗಳೂರಿನ ಸೆಕೆಗೆ ರಾತ್ರಿ ಕಳೆಯುವುದರೊಳಗೆ ಉಬ್ಬಿ ಚೆಲ್ಲುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಅದೇ ಹಿಟ್ಟು ಬೆಳಗ್ಗೆಯೂ ಕಲಸಿಟ್ಟ ಹಾಗೇ ಇರುತ್ತದೆ. "ಹಿಟ್ಟು ಉಬ್ಬಲಿಲ್ಲ" ಎನ್ನುವಾಗ ಅಳತೆ, ನೆನೆಸಿದ ಗಂಟೆ, ಮಿಕ್ಸಿಯೋ ಗ್ರೈಂಡರೋ (ಮಿಕ್ಸಿ ಹಿಟ್ಟನ್ನು ಬಿಸಿ ಮಾಡುತ್ತದೆ), ಊರು, ತಿಂಗಳು ಎಲ್ಲ ಹೇಳಿ.

ಇನ್ನು ಕಂಪನಿಯ ಸರ್ವಿಸ್ ಬೇಕಾದಾಗ ನಂಬರನ್ನು ವಾರಂಟಿ ಕಾರ್ಡಿನಿಂದಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಸಿಗುವ ಕಸ್ಟಮರ್ ಕೇರ್ ನಂಬರುಗಳಲ್ಲಿ ಮೋಸದವೂ ಇರುತ್ತವೆ. ಸಲಹೆ ಕೊಡಲು ಯಾರಿಗೂ ಒಟಿಪಿ ಬೇಡ, ನಿಮ್ಮ ಮೊಬೈಲ್ ಪರದೆ ಕಾಣಿಸುವ ಆ್ಯಪ್ ಬೇಡ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಹೋಂವರ್ಕ್: ಉತ್ತರ ಕೇಳಬೇಡಿ, ಸಿಕ್ಕಿಬಿದ್ದ ಸಾಲನ್ನು ತೋರಿಸಿ

ಹತ್ತನೇ ತರಗತಿಯ ಈ ಬಗೆಯ ಲೆಕ್ಕ ನೋಡಿ: ಒಂದು ಬಸ್ಸು 300 ಕಿ.ಮೀ. ದೂರವನ್ನು ಒಂದೇ ವೇಗದಲ್ಲಿ ಹೋಗುತ್ತದೆ. ವೇಗ ಗಂಟೆಗೆ 10 ಕಿ.ಮೀ. ಹೆಚ್ಚಿದ್ದರೆ 1 ಗಂಟೆ ಮೊದಲೇ ತಲುಪುತ್ತಿತ್ತು. ವೇಗ ಎಷ್ಟು?

ಇದನ್ನು ಹಾಗೇ ಫೋಟೊ ಹೊಡೆದು ಕಳಿಸಿದರೆ "50" ಎಂದು ಉತ್ತರ ಬರುತ್ತದೆ, ಮಗು ಬರೆದುಕೊಳ್ಳುತ್ತದೆ, ಪರೀಕ್ಷೆಯಲ್ಲಿ ಮತ್ತೆ ಅಲ್ಲೇ ಸಿಕ್ಕಿಬೀಳುತ್ತದೆ. ಮಗು ಮೊದಲು ಕಾಲು ಗಂಟೆ ತಾನೇ ಗುದ್ದಾಡಲಿ. ವೇಗವನ್ನು ‘ವ’ ಎಂದಿಟ್ಟುಕೊಂಡು ಅದು ಹೀಗೆ ಬರೆದಿದೆ ಎನ್ನೋಣ:

300/(ವ+10) − 300/ವ = 1

ಬಿಡಿಸಿದರೆ ವ² + 10ವ + 3000 = 0. ಶೋಧಕ (b² − 4ac) 100 − 12000, ಅಂದರೆ −11900. ವಾಸ್ತವ ಮೂಲಗಳೇ ಇಲ್ಲ. ಈಗ ಆ ಹಾಳೆಯನ್ನೇ ಕಳಿಸಿ, "ಶೋಧಕ ಋಣ ಬರ್ತಿದೆ, ಎಲ್ಲಿ ತಪ್ಪಿದ್ದೀನಿ? ಉತ್ತರ ಹೇಳಬೇಡಿ, ಸಾಲು ಮಾತ್ರ ತೋರಿಸಿ ಸರ್" ಎಂದು ಕೇಳಬೇಕು. ಗೊತ್ತಿದ್ದವರು ಮೊದಲ ಸಾಲಿಗೇ ಬೆರಳಿಡುತ್ತಾರೆ: ವೇಗ ಹೆಚ್ಚಾದರೆ ಸಮಯ ಕಡಿಮೆ, ಹಾಗಾಗಿ ದೊಡ್ಡ ಸಮಯದಿಂದ ಚಿಕ್ಕದನ್ನು ಕಳೆಯಬೇಕು. 300/ವ − 300/(ವ+10) = 1 ಎಂದು ತಿದ್ದಿದರೆ ವ² + 10ವ − 3000 = 0, ಅಂದರೆ (ವ+60)(ವ−50) = 0. ವೇಗ ಋಣ ಆಗಲಾರದು, ಆದ್ದರಿಂದ 50.

ತಾಳೆ ನೋಡುವುದನ್ನು ಬಿಡಬೇಡಿ: 300 ಕಿ.ಮೀ.ಗೆ 50ರ ವೇಗದಲ್ಲಿ 6 ಗಂಟೆ, 60ರ ವೇಗದಲ್ಲಿ 5. ಸರಿಯಾಯಿತು. ಇದಾದ ಮೇಲೆ ಸಂಖ್ಯೆ ಬದಲಿಸಿ, ಖಾಲಿ ಹಾಳೆಯಲ್ಲಿ, ಯಾರನ್ನೂ ಕೇಳದೆ ಇನ್ನೊಂದು ಮಾಡಿಸಿ. 240 ಕಿ.ಮೀ., ವೇಗ 20 ಹೆಚ್ಚು, 1 ಗಂಟೆ ಕಡಿಮೆ ಎಂದು ಕೊಡಿ, 60 ಬರಬೇಕು.

ಪ್ರಶ್ನೆಯ ಜೊತೆ ತರಗತಿ, ಪಾಠದ ಹೆಸರು, ಅದೇ ಅಭ್ಯಾಸದ ಹಿಂದಿನ ಉದಾಹರಣೆ ಇವೂ ಇರಲಿ. ಅಪವರ್ತನದಿಂದ ಬಿಡಿಸಿ ಎಂದಿರುವಲ್ಲಿ ಸೂತ್ರ ಹಾಕಿದರೆ ಉತ್ತರ ಸರಿಯಿದ್ದರೂ ಅಂಕ ಹೋಗಬಹುದು. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷಿನಲ್ಲಿ ಕಲಿತವರು ಹೇಳಿಕೊಡುವಾಗ ಲೆಕ್ಕಕ್ಕಿಂತ ಹೆಸರುಗಳಲ್ಲೇ ಎಡವುವುದು ಹೆಚ್ಚು. ಪುಟದ ಚಿತ್ರವಿದ್ದರೆ ಆ ತೊಡಕಿಲ್ಲ. ವ್ಯಾಕರಣದಲ್ಲಂತೂ ಪ್ರಶ್ನೆಯನ್ನು ಪೂರ್ತಿ ಕೊಡಲೇಬೇಕು. "ಮಳೆಗಾಲ ಯಾವುದು?" ಎಂದರೆ ಒಬ್ಬರು ಆದೇಶ ಸಂಧಿ ಎನ್ನುತ್ತಾರೆ, ಇನ್ನೊಬ್ಬರು ತತ್ಪುರುಷ ಸಮಾಸ ಎನ್ನುತ್ತಾರೆ, ಇಬ್ಬರೂ ಸರಿ.

ಮಗು ಒಂಟಿಯಾಗಿ ಅಪರಿಚಿತರ ಜೊತೆ ಮಾತಿಗಿಳಿಯುವುದು ಬೇಡ. ಫೋನು ದೊಡ್ಡವರದು, ಪಕ್ಕದಲ್ಲಿ ದೊಡ್ಡವರು. ನೋಟ್‌ಬುಕ್ಕಿನ ಲೇಬಲ್ಲಿನಲ್ಲಿ ಹೆಸರು, ಶಾಲೆ, ಸೆಕ್ಷನ್ ಇರುತ್ತದೆ. ಅದು ಫೋಟೊದಲ್ಲಿ ಬೀಳಬಾರದು. "ಅಮ್ಮನಿಗೆ ಹೇಳಬೇಡ, ಪರ್ಸನಲ್ ಆಗಿ ಮೆಸೇಜ್ ಮಾಡು, ಹೇಳಿಕೊಡ್ತೀನಿ" ಎಂದವರನ್ನು ಆ ಕ್ಷಣವೇ ಬ್ಲಾಕ್ ಮಾಡಿ. ಮುಂದುವರಿದರೆ 1098 ಮಕ್ಕಳ ಸಹಾಯವಾಣಿ.

ಕೆಲಸ ಆದ ಮೇಲೆ

ಕೇಳಿದ ಕಡೆಯೇ ಏನಾಯಿತೆಂದು ತಿಳಿಸಿ. "ಸರಿಹೋಯ್ತು, ಥ್ಯಾಂಕ್ಸ್" ಎಂದರೆ ಮುಂದೆ ಓದುವವರಿಗೆ ಉಪಯೋಗವಿಲ್ಲ. "ಕೆಪಾಸಿಟರ್ ಅಲ್ಲ, ಅದರ ತಂತಿಯ ತುದಿ ತುಕ್ಕು ಹಿಡಿದು ಬಿಟ್ಟುಕೊಂಡಿತ್ತು. ಎಲೆಕ್ಟ್ರಿಷಿಯನ್ ಬಂದು ತುದಿ ಕತ್ತರಿಸಿ ಹೊಸ ಲಗ್ ಹಾಕಿದ್ರು. ಫ್ಯಾನ್ ಸಲೀಸಾಗಿ ತಿರುಗ್ತಿತ್ತು ಅನ್ನೋದು ಇಲ್ಲೂ ಸರಿಯೇ ಇತ್ತು" ಎಂದು ಬರೆಯಿರಿ. ಸಲಹೆ ತಪ್ಪಾಗಿದ್ದರೂ ಹೀಗೇ ತಿಳಿಸಿ, ಯಾವ ಹಂತದಲ್ಲಿ ತಪ್ಪಿತು ಎಂಬುದರ ಸಮೇತ.